ಸುಣ್ಣಕಟ್ಟು ಮತ್ತು ಬಾಸ್ಸಿ

ಡೆಬಿಟ್ಟು ಕ್ರೆಡಿಟ್ಟು ಬಿಟ್ಟು ಈ ಕಾಮರ್ಸ್ ಹುಡುಗನಿಗೆ ಹುಳುವಿನ ಕತೆ ಯಾಕೆ ಅಂತ ಸಂಘದ ಗೆಳೆಯರು ನಗಬಹುದು. ನಾನು ಬೆಳೆದದ್ದು ಕನಕಪುರದ ಕಡೆ, ರೇಷ್ಮೆ ಸಾಕುವ ಮನೆಯಲ್ಲಿ. ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಚಳಿಗಾಲ, ನಾಲ್ಕನೇ ಜ್ವರ ಎದ್ದು ಇನ್ನೇನು ಚಂದ್ರಿಕೆಗೆ ಬಿಡಬೇಕು ಅನ್ನುವಾಗ ಹುಳುಗಳು ತಟ್ಟೆಯಲ್ಲೇ ಸೆಟೆದು ಸೀಮೆಸುಣ್ಣದ ತುಂಡಿನ ಹಾಗಾದವು. ಯಾರದೋ ಕಣ್ಣು ಬಿತ್ತು ಅಂದಳು ಅವ್ವ. ಅಪ್ಪ ಮಾತೇ ಆಡಲಿಲ್ಲ. ಸೊಪ್ಪಿಗೆ ಮಾಡಿದ ಸಾಲ ತಲೆಯಲ್ಲಿತ್ತು. ಅದು ಸುಣ್ಣಕಟ್ಟು ರೋಗ.

ಇಟಲಿಯವರೂ ಅದಕ್ಕೆ ಸುಣ್ಣದ ಹೆಸರನ್ನೇ ಇಟ್ಟಿದ್ದರು, ಕಾಲ್ಚಿನಾಚ್ಚೊ ಅಂತ. ಇಲ್ಲಿ ಮುಂಬಯಿಯ ಲೈಬ್ರರಿಯಲ್ಲಿ ಓದಿ ಬೆರಗಾದೆ. ಅದರ ಗುಟ್ಟು ಒಡೆದವನು ಅಗೊಸ್ತಿನೊ ಬಾಸ್ಸಿ. 1773ರಲ್ಲಿ ಲೋದಿ ಪಟ್ಟಣದ ಹತ್ತಿರ ಬೇಸಾಯದ ಮನೆತನದಲ್ಲಿ ಹುಟ್ಟಿದ. ಪಾವಿಯಾದಲ್ಲಿ ಕಾನೂನು ಓದಿ ಸರ್ಕಾರಿ ಕೆಲಸಕ್ಕೆ ಸೇರಿದ. ಕಣ್ಣು ಕೈಕೊಟ್ಟಿತು, ಕೆಲಸ ಬಿಟ್ಟು ಹೊಲಕ್ಕೆ ಬಂದ.

1807ರಲ್ಲಿ ಈ ರೋಗದ ಬೆನ್ನು ಹತ್ತಿದ. ರೋಗ ತಾನಾಗಿಯೇ ಹುಟ್ಟುತ್ತದೆ ಎಂಬುದು ಆಗಿನ ನಂಬಿಕೆ, ಅವನೂ ನಂಬಿದ್ದ. ಹುಳುಗಳನ್ನು ನಾನಾ ರೀತಿ ಪೀಡಿಸಿ ರೋಗ ತರಿಸಲು ವರ್ಷಗಟ್ಟಲೆ ಹೆಣಗಿದ. ಹುಳು ಸತ್ತವು, ಸುಣ್ಣಕಟ್ಟು ಬರಲಿಲ್ಲ. ಕೊನೆಗೆ, ಸತ್ತ ಹುಳುವಿನ ಮೇಲಿನ ಬಿಳಿ ಹುಡಿಯನ್ನು ಒಳ್ಳೆಯ ಹುಳುವಿಗೆ ಸೋಕಿಸಿದಾಗ ಬಂತು. ಆ ಹುಡಿ ಬೂಷ್ಟಿನ ಬೀಜ. ಹುಳು ಅದನ್ನು ತಿನ್ನಬೇಕೆಂದೇ ಇಲ್ಲ, ಮೈಗೆ ತಗುಲಿದರೆ ಚರ್ಮ ಕೊರೆದು ಒಳಗಿಳಿಯುತ್ತದೆ. ತಟ್ಟೆ, ಬಟ್ಟೆ, ಸಾಕುವವರ ಕೈ, ಎಲ್ಲದರಿಂದಲೂ ಹರಡುತ್ತದೆ. ನಮ್ಮ ಕೈಯಿಂದಲೂ ಅಂತ ಓದಿದಾಗ ಹೊಟ್ಟೆಯಲ್ಲಿ ಏನೋ ಆಯ್ತು.

ಪಾವಿಯಾದ ಪ್ರಾಧ್ಯಾಪಕರೆದುರು ಪ್ರಯೋಗ ಮಾಡಿ ತೋರಿಸಿದ. 1835ರಲ್ಲಿ ಪುಸ್ತಕ ಬಂತು. ತಟ್ಟೆ ತೊಳೆಯಿರಿ, ರೋಗದ ಹುಳು ಬೇರೆ ಮಾಡಿ ಅಂತ ರೈತರಿಗೆ ದಾರಿ ಹೇಳಿದ. ಪಾಸ್ತರ್ ರೇಷ್ಮೆಹುಳುವಿನ ರೋಗಕ್ಕೆ ಕೈ ಹಾಕಿದ್ದು 1865ರಲ್ಲಿ, ಮೂವತ್ತು ವರ್ಷದ ಮೇಲೆ. ಆದರೂ ಪಾಠಪುಸ್ತಕದಲ್ಲಿ ಪಾಸ್ತರನದೇ ಫೋಟೋ! ಬಾಸ್ಸಿಗೆ ಕಣ್ಣು ಪೂರಾ ಮಂಜಾಯಿತು, 1856ರಲ್ಲಿ ತೀರಿಕೊಂಡ.

ಆ ಬೂಷ್ಟಿಗೆ ಈಗ ಅವನದೇ ಹೆಸರು, ಬೊವೇರಿಯಾ ಬಾಸ್ಸಿಯಾನ. ರೇಷ್ಮೆಗೆ ಮಾರಿಯಾದದ್ದು ಬೆಳೆ ತಿನ್ನುವ ಹುಳಕ್ಕೂ ಮಾರಿಯೇ. ಅದಕ್ಕೇ ಕೊಡಗು, ಚಿಕ್ಕಮಗಳೂರಿನ ಕಾಫಿಯ ಕಾಯಿಕೊರಕಕ್ಕೆ ಅದನ್ನು ಸಿಂಪಡಿಸುತ್ತಾರೆ. ಪುಡಿ ಅಂಗಡಿಯಲ್ಲೇ ಸಿಗುತ್ತದೆ.

ಕಳೆದ ರಜೆಯಲ್ಲಿ ಊರಿಗೆ ಹೋದಾಗ ಪಕ್ಕದ ಟೊಮ್ಯಾಟೊ ತೋಟದ ಮಾವ ಅದೇ ಪ್ಯಾಕೆಟ್ ತಂದಿದ್ದರು. ನಮ್ಮ ಹಿಪ್ಪುನೇರಳೆ ಸಾಲು ಅಲ್ಲಿಂದ ನಾಲ್ಕು ಮಾರು. ಅಪ್ಪನನ್ನು ಕರಕೊಂಡು ಹೋಗಿ ಇಷ್ಟನ್ನೂ ಹೇಳಿದೆ. ಮಾವ ಪ್ಯಾಕೆಟ್ಟನ್ನು ಎರಡು ಸಲ ತಿರುಗಿಸಿ ನೋಡಿದರು. ಸಂಜೆ ಅಂಗಡಿಗೆ ವಾಪಸು ಕೊಟ್ಟು ಬಂದರು.