ಭಂಡಾರಿ ಬಸವಣ್ಣನವರು

ಚಲನ್ ಪಾವತಿ, ಪಿಂಚಣಿ ಮುಂತಾದ ಸೇವೆಗಳಿಗಾಗಿ ಖಜಾನೆಗೆ ಅರ್ಜಿ ಸಲ್ಲಿಸುವ ಸಾರ್ವಜನಿಕರ ಮಾಹಿತಿಗಾಗಿ, ಹಿಂದೆ ರಾಜ್ಯ ಭಂಡಾರದ ಹೊಣೆ ಹೊತ್ತಿದ್ದ ಶ್ರೀ ಬಸವಣ್ಣನವರ ಜೀವನದ ಸಂಕ್ಷಿಪ್ತ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ವಚನಕಾರರೆಂದು ನಾಡಿಗೆಲ್ಲ ಪರಿಚಿತರಾದ ಬಸವಣ್ಣನವರು ವೃತ್ತಿಯಿಂದ ಲೆಕ್ಕಪತ್ರದವರಾಗಿದ್ದರೆಂಬುದನ್ನು ಗಮನಿಸುವವರು ವಿರಳ. 12ನೇ ಶತಮಾನದಲ್ಲಿ, ಈಗಿನ ವಿಜಯಪುರ ಜಿಲ್ಲೆಯ ಬಾಗೇವಾಡಿಯ ಬ್ರಾಹ್ಮಣ ಮನೆತನದಲ್ಲಿ ಜನಿಸಿದ ಅವರು ಮನೆ ತೊರೆದು ಕೂಡಲಸಂಗಮದಲ್ಲಿ ನೆಲೆಸಿದರು. ಅಲ್ಲಿಂದ ಕಲಚುರಿ ಬಿಜ್ಜಳನ ಆಡಳಿತ ಕೇಂದ್ರವಾಗಿದ್ದ, ಈಗ ಸೊಲ್ಲಾಪುರ ಜಿಲ್ಲೆಗೆ ಸೇರಿರುವ ಮಂಗಳವೇಡೆಗೆ ಬಂದರು.

ಭಂಡಾರಿಯೆಂದರೆ ಅರಸನ ಬೊಕ್ಕಸಕ್ಕೂ ಅದರ ಆಯವ್ಯಯದ ಲೆಕ್ಕಕ್ಕೂ ಹೊಣೆಗಾರನಾದ ಅಧಿಕಾರಿ. ಆ ಹುದ್ದೆಗೆ ಇಂದಿನಂತೆ ನೇಮಕಾತಿ ನಿಯಮಗಳಿರಲಿಲ್ಲ. ಅರಸನ ವಿಶ್ವಾಸವೇ ಆಧಾರವಾಗಿತ್ತು. ಆದರೆ ಬಸವಣ್ಣನವರು ನೇರವಾಗಿ ಆ ಸ್ಥಾನಕ್ಕೆ ಬರಲಿಲ್ಲ. ಹರಿಹರ ಕವಿಯ ರಗಳೆಯ ಪ್ರಕಾರ, ಅರಮನೆಯ ಕರಣಿಕರು ಲೆಕ್ಕ ಬರೆಯುತ್ತಿದ್ದಾಗ ಅದರಲ್ಲಿದ್ದ ತಪ್ಪನ್ನು ಅವರು ಗುರುತಿಸಿದರು. ಆ ಜಾಣ್ಮೆಯಿಂದ ಮೊದಲು ಕರಣಿಕರಾಗಿ ಸೇರಿ, ಹಿರಿಯ ಅಧಿಕಾರಿಯ ಮರಣಾನಂತರ ಭಂಡಾರಿಗಳಾದರು. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣವು ಇದನ್ನು ಬೇರೆ ರೀತಿಯಲ್ಲಿ ಹೇಳುತ್ತದೆ. ಅದರಂತೆ ಸೋದರಮಾವ ಬಲದೇವನ ನಂತರ ಆ ಸ್ಥಾನವು ಅಳಿಯನಾದ ಇವರಿಗೆ ದೊರೆಯಿತು. ಬಂಧುತ್ವವೋ ಯೋಗ್ಯತೆಯೋ ಎಂಬ ಪ್ರಶ್ನೆ ಅಂದೂ ಇತ್ತೆಂದು ಇದರಿಂದ ಊಹಿಸಬಹುದು.

ಬಸವಣ್ಣನವರ ಮನೆಯಲ್ಲಿ ಜಂಗಮರಿಗೆ ನಿತ್ಯ ದಾಸೋಹ ನಡೆಯುತ್ತಿತ್ತು. ಇದಕ್ಕೆ ಬೊಕ್ಕಸದ ಹಣವೇ ಬಳಕೆಯಾಗುತ್ತಿದೆ ಎಂದು ಆಗದವರು ಬಿಜ್ಜಳನಲ್ಲಿ ದೂರಿದರು. ಅರಸನು ಭಂಡಾರವನ್ನು ತೆರೆಸಿ, ಲೆಕ್ಕದ ಪುಸ್ತಕದೊಡನೆ ಹೊನ್ನನ್ನು ಎಣಿಸಿ ನೋಡಿಸಿದನು. ಇಂದಿನ ಕಚೇರಿ ಭಾಷೆಯಲ್ಲಿ ಇದನ್ನು ನಗದು ಶಿಲ್ಕಿನ ಭೌತಿಕ ಪರಿಶೀಲನೆ ಎನ್ನಬಹುದು. ಒಂದು ಹೊನ್ನೂ ಕಡಿಮೆಯಿರಲಿಲ್ಲ. ಪುರಾಣಗಳು ಇದನ್ನು ಪವಾಡವೆಂದು ವರ್ಣಿಸುತ್ತವೆ. ಲೆಕ್ಕ ಬಲ್ಲವರಿಗೆ ಅದು ಸರಿಯಾಗಿ ಬರೆದಿಟ್ಟ ಪುಸ್ತಕವೆಂದೇ ತೋರುತ್ತದೆ. ಆಪಾದನೆಗೆ ಗುರಿಯಾದ ಅಧಿಕಾರಿಯನ್ನು ಮಾತಿನಿಂದಲ್ಲದೆ ಎಣಿಕೆಯಿಂದ ಪರೀಕ್ಷಿಸಿದ್ದು ಗಮನಾರ್ಹವಾಗಿದೆ.

ಅನಂತರ ಕಲ್ಯಾಣದಲ್ಲಿ ಬಸವಣ್ಣನವರ ಸುತ್ತ ನಾನಾ ಜಾತಿ, ಕಾಯಕಗಳ ಶರಣರು ನೆರೆದರು. ಜಾತಿಯ ಮೇರೆ ಮೀರಿದ ವಿವಾಹವೊಂದು ಅರಸನ ಕೋಪಕ್ಕೆ ಕಾರಣವಾಯಿತೆಂದು ಪರಂಪರೆ ಹೇಳುತ್ತದೆ. 1160ರ ದಶಕದ ಕೊನೆಯ ಭಾಗದ ಆ ಕ್ಷೋಭೆಯಲ್ಲಿ ಬಸವಣ್ಣನವರು ಅಧಿಕಾರವನ್ನೂ ಕಲ್ಯಾಣವನ್ನೂ ತೊರೆದು ಕೂಡಲಸಂಗಮಕ್ಕೆ ಮರಳಿದರು. ಅಲ್ಲಿಯೇ ಐಕ್ಯರಾದರು.