ಮಹನೀಯರ ಪರಿಚಯ: ಪಕ್ಷಿತಜ್ಞ ಡಾ. ಸಲೀಂ ಅಲಿ (1896–1987)

ಕಿರಿಯ ಪ್ರಾಥಮಿಕ ತರಗತಿಗಳ ಮಕ್ಕಳಿಗೆ ಪ್ರಾಣಿಪಕ್ಷಿಗಳನ್ನೂ ಅವುಗಳ ವಾಸಸ್ಥಾನಗಳನ್ನೂ ಪರಿಚಯಿಸುವುದು ಪರಿಸರ ಅಧ್ಯಯನ ವಿಷಯದ ಮುಖ್ಯ ಭಾಗವಾಗಿದೆ. ಈ ಪಾಠದ ಅಂಗವಾಗಿ ಪ್ರತಿ ವರ್ಷವೂ ಅನೇಕ ಶಾಲೆಗಳು ಮಕ್ಕಳನ್ನು ಪಕ್ಷಿಧಾಮಗಳಿಗೆ ಕರೆದೊಯ್ಯುತ್ತವೆ. ರಾಜ್ಯದ ಪ್ರಸಿದ್ಧ ಪಕ್ಷಿಧಾಮವಾದ ರಂಗನತಿಟ್ಟಿನ ರಕ್ಷಣೆಗೆ ಕಾರಣರಾದ ಹಾಗೂ ಪಕ್ಷಿಗಳನ್ನು ಗುರುತಿಸುವ ಸುಲಭ ಕ್ರಮವನ್ನು ಜನಸಾಮಾನ್ಯರಿಗೆ ತೋರಿಸಿಕೊಟ್ಟ ಡಾ. ಸಲೀಂ ಅಲಿ ಅವರ ಜೀವನದ ಸಂಕ್ಷಿಪ್ತ ಪರಿಚಯವನ್ನು ಶಿಕ್ಷಕರು, ಪೋಷಕರು ಹಾಗೂ ಸಾರ್ವಜನಿಕರ ಅನುಕೂಲಕ್ಕಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ಬಾಲ್ಯ

ಸಲೀಂ ಅಲಿ ಅವರು 1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದರು. ಒಂದು ವರ್ಷದ ಮಗುವಾಗಿದ್ದಾಗ ತಂದೆಯನ್ನೂ ಮೂರು ವರ್ಷ ತುಂಬುವ ಹೊತ್ತಿಗೆ ತಾಯಿಯನ್ನೂ ಕಳೆದುಕೊಂಡರು. ಮಕ್ಕಳಿಲ್ಲದ ಸೋದರಮಾವ ಅಮೀರುದ್ದೀನ್ ತಯ್ಯಬ್‌ಜಿ ಮತ್ತು ಅತ್ತೆ ಹಮೀದಾ ಬೇಗಂ ಅವರು ಈ ಅನಾಥ ಮಕ್ಕಳನ್ನು ಮುಂಬಯಿಯ ಖೇತವಾಡಿಯ ತಮ್ಮ ಮನೆಯಲ್ಲಿ ಸಾಕಿ ಬೆಳೆಸಿದರು.

ಬೇಟೆಯು ಅಂದಿನ ಕಾಲದಲ್ಲಿ ಗೌರವದ ಹವ್ಯಾಸವಾಗಿತ್ತು. ಬಾಲಕ ಸಲೀಂ ಕೈಗೂ ಒಂದು ಗಾಳಿ ಬಂದೂಕು ಬಂದಿತು. ಸುಮಾರು 10ನೇ ವಯಸ್ಸಿನಲ್ಲಿ ಅವರು ಕುದುರೆ ಲಾಯದ ಗೋಡೆಯ ರಂಧ್ರದಲ್ಲಿದ್ದ ಗುಬ್ಬಚ್ಚಿಯ ಗೂಡೊಂದನ್ನು ಗಮನಿಸಿದರು. ಗೂಡಿನ ಮುಂದೆ ಕಾವಲಿದ್ದ ಗಂಡು ಗುಬ್ಬಿಯನ್ನು ಹೊಡೆದಾಗ ಸ್ವಲ್ಪ ಸಮಯದಲ್ಲಿಯೇ ಮತ್ತೊಂದು ಗಂಡು ಬಂದು ಅದೇ ಜಾಗದಲ್ಲಿ ಕುಳಿತುಕೊಂಡಿತು. ಏಳು ದಿನಗಳಲ್ಲಿ ಎಂಟು ಗಂಡು ಗುಬ್ಬಿಗಳು ಹೀಗೆ ಬಲಿಯಾದವು. ಬಾಲಕನು ಈ ಸಂಗತಿಯನ್ನು ಬರೆದಿಟ್ಟುಕೊಂಡನು. ಕೊಂದ ಲೆಕ್ಕಕ್ಕಾಗಿ ಬರೆದ ಆ ಟಿಪ್ಪಣಿಯಲ್ಲಿ ಮುಂದಿನ ವಿಜ್ಞಾನಿಯ ಮೊದಲ ವೀಕ್ಷಣೆಯೂ ಅಡಗಿತ್ತು.

ಇದೇ ಅವಧಿಯಲ್ಲಿ ಅವರು ಹೊಡೆದ ಒಂದು ಗುಬ್ಬಿಯ ಕುತ್ತಿಗೆಯ ಮೇಲೆ ಹಳದಿ ಮಚ್ಚೆಯಿತ್ತು. ಅದು ಯಾವ ಹಕ್ಕಿಯೆಂದು ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಸೋದರಮಾವನ ಸೂಚನೆಯಂತೆ ಬಾಲಕನು ಅದನ್ನು 1883ರಲ್ಲಿ ಸ್ಥಾಪನೆಯಾಗಿದ್ದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕೊಂಡೊಯ್ದನು. ಅಲ್ಲಿನ ಕಾರ್ಯದರ್ಶಿಗಳಾಗಿದ್ದ ಡಬ್ಲ್ಯು. ಎಸ್. ಮಿಲ್ಲಾರ್ಡ್ ಅವರು ಅಳುಕುತ್ತ ನಿಂತ ಹುಡುಗನನ್ನು ಹೊರಗೆ ಕಳುಹಿಸಲಿಲ್ಲ. ಹಕ್ಕಿಯ ಹೆಸರನ್ನು ತಿಳಿಸಿದರು. ಕಪಾಟುಗಳನ್ನು ತೆರೆದು ಹದಮಾಡಿಟ್ಟ ನೂರಾರು ಹಕ್ಕಿಗಳನ್ನು ತೋರಿಸಿದರು. ಓದಲು ಪುಸ್ತಕಗಳನ್ನು ಕೊಟ್ಟರು. ಮಗುವಿನ ಒಂದು ಪ್ರಶ್ನೆಗೆ ಒಬ್ಬ ಅಧಿಕಾರಿ ಕೊಟ್ಟ ಅಷ್ಟು ಸಮಯವು ಭಾರತದ ಪಕ್ಷಿವಿಜ್ಞಾನದ ದಿಕ್ಕನ್ನೇ ಬದಲಿಸಿತು.

ವಿದ್ಯಾಭ್ಯಾಸ ಮತ್ತು ಉದ್ಯೋಗ

ಶಾಲಾ ಪಾಠಗಳಲ್ಲಿ ಸಲೀಂ ಅಲಿ ಅವರು ಮುಂದಿರಲಿಲ್ಲ. 1913ರಲ್ಲಿ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಪ್ರಯಾಸದಿಂದ ತೇರ್ಗಡೆಯಾದರು. ಬಳಿಕ ಬರ್ಮಾ ದೇಶದ ತವಾಯ್ ಪ್ರದೇಶದಲ್ಲಿ ಕುಟುಂಬದ ಗಣಿ ಹಾಗೂ ಮರದ ವ್ಯವಹಾರವನ್ನು ನೋಡಿಕೊಳ್ಳಲು ತೆರಳಿದರು. ವ್ಯವಹಾರಕ್ಕಿಂತ ಸುತ್ತಲಿನ ಕಾಡು ಅವರನ್ನು ಹೆಚ್ಚಾಗಿ ಸೆಳೆಯಿತು. 1917ರಲ್ಲಿ ಮುಂಬಯಿಗೆ ಮರಳಿ ದಾವರ್ ವಾಣಿಜ್ಯ ಕಾಲೇಜಿನಲ್ಲಿ ವಾಣಿಜ್ಯ ಕಾನೂನು ಮತ್ತು ಲೆಕ್ಕಶಾಸ್ತ್ರವನ್ನು ಅಭ್ಯಾಸ ಮಾಡಿದರು. ಸೇಂಟ್ ಝೇವಿಯರ್ಸ್ ಕಾಲೇಜಿನ ಫಾದರ್ ಬ್ಲಾಟರ್ ಅವರು ಈ ತರುಣನ ಒಲವನ್ನು ಗುರುತಿಸಿ ಪ್ರಾಣಿಶಾಸ್ತ್ರವನ್ನು ಕಲಿಯಲು ಪ್ರೋತ್ಸಾಹಿಸಿದರು. 1918ರಲ್ಲಿ ತೆಹಮಿನಾ ಅವರೊಂದಿಗೆ ವಿವಾಹವಾಯಿತು.

ವಿಶ್ವವಿದ್ಯಾಲಯದ ಪದವಿ ಇಲ್ಲದಿದ್ದುದು ಉದ್ಯೋಗಕ್ಕೆ ಅಡ್ಡಿಯಾಯಿತು. ಅವರ ಹೆಸರಿನೊಂದಿಗೆ ಇಂದು ಬಳಸುವ ಡಾಕ್ಟರ್ ಎಂಬುದು ಮುಂದೆ ವಿಶ್ವವಿದ್ಯಾಲಯಗಳು ನೀಡಿದ ಗೌರವ ಪದವಿ ಎಂಬುದು ಉಲ್ಲೇಖಾರ್ಹ.

1926ರಲ್ಲಿ ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದಲ್ಲಿ ಹೊಸದಾಗಿ ತೆರೆದ ಪ್ರಕೃತಿ ವಿಜ್ಞಾನ ವಿಭಾಗಕ್ಕೆ ಮಾರ್ಗದರ್ಶಕ ಉಪನ್ಯಾಸಕರಾಗಿ ಮಾಸಿಕ 350 ರೂಪಾಯಿ ವೇತನದ ಮೇಲೆ ಅವರ ನೇಮಕವಾಯಿತು. ಸಂಗ್ರಹಾಲಯಕ್ಕೆ ಬರುವ ಶಾಲಾ ಮಕ್ಕಳಿಗೂ ಇತರ ಸಂದರ್ಶಕರಿಗೂ ಪ್ರಾಣಿಪಕ್ಷಿಗಳ ಕುರಿತು ವಿವರಿಸುವುದು ಈ ಹುದ್ದೆಯ ಕರ್ತವ್ಯವಾಗಿತ್ತು. ಮಿಲ್ಲಾರ್ಡ್ ಅವರು ತಮಗೆ ಮಾಡಿದ ಉಪಕಾರವನ್ನು ಇತರ ಮಕ್ಕಳಿಗೆ ಮಾಡುವ ಅವಕಾಶ ಹೀಗೆ ಅವರಿಗೆ ಒದಗಿತು. ಆದರೆ ಗಾಜಿನ ಹಿಂದಿನ ಹಕ್ಕಿ ಹಾರುವುದಿಲ್ಲ, ಕೂಗುವುದಿಲ್ಲ, ಗೂಡು ಕಟ್ಟುವುದಿಲ್ಲ. ಎರಡು ವರ್ಷಗಳ ನಂತರ, ಹೆಚ್ಚಿನ ತರಬೇತಿಯ ಅಗತ್ಯವನ್ನು ಮನಗಂಡು, 1928ರಲ್ಲಿ ಅಧ್ಯಯನ ರಜೆಯ ಮೇಲೆ ಜರ್ಮನಿಗೆ ತೆರಳಿ ಬರ್ಲಿನ್ ನಗರದಲ್ಲಿ ಪ್ರೊ. ಎರ್ವಿನ್ ಸ್ಟ್ರೆಸೆಮಾನ್ ಅವರ ಬಳಿ ಅಭ್ಯಾಸ ಮಾಡಿದರು.

ಉದ್ಯೋಗ ನಷ್ಟ ಮತ್ತು ಗೀಜಗನ ಅಧ್ಯಯನ

1930ರಲ್ಲಿ ಸ್ವದೇಶಕ್ಕೆ ಹಿಂದಿರುಗಿದಾಗ ಹಣದ ಕೊರತೆಯಿಂದ ಅವರ ಹುದ್ದೆಯನ್ನೇ ರದ್ದುಪಡಿಸಲಾಗಿತ್ತು. ವೇತನವಿಲ್ಲದೆ ನಗರದಲ್ಲಿ ಸಂಸಾರ ನಡೆಸುವುದು ಕಠಿಣವೆಂದು ದಂಪತಿಗಳು ಮುಂಬಯಿ ಸಮೀಪದ ಕಡಲತೀರದ ಹಳ್ಳಿಯಾದ ಕಿಹೀಮ್‌ಗೆ ಬಂದು ನೆಲೆಸಿದರು.

ಆ ಊರಿನಲ್ಲಿ ಗೀಜಗ ಹಕ್ಕಿಗಳು ಗುಂಪಾಗಿ ಗೂಡು ಕಟ್ಟುತ್ತಿದ್ದವು. ಸಲೀಂ ಅಲಿ ಅವರು ಮಳೆಗಾಲದ ದಿನಗಳಲ್ಲಿ ಪ್ರತಿದಿನವೂ ಗಂಟೆಗಟ್ಟಲೆ ಕುಳಿತು ಆ ಹಕ್ಕಿಗಳ ಚಲನವಲನಗಳನ್ನು ದಾಖಲಿಸಿದರು. ಗಂಡು ಗೀಜಗನು ಹಸಿರು ಹುಲ್ಲು ಮತ್ತು ಎಲೆಗಳ ಸೀಳುಗಳಿಂದ ಗೂಡನ್ನು ಅರ್ಧದವರೆಗೆ ನೇಯುತ್ತದೆ. ಆಗ ಹೆಣ್ಣು ಹಕ್ಕಿಗಳು ಬಂದು ಪರೀಕ್ಷಿಸುತ್ತವೆ. ಯಾವುದಾದರೊಂದು ಹೆಣ್ಣು ಒಪ್ಪಿದರೆ ಮಾತ್ರ ಗಂಡು ಕೊಳವೆಯಂತಹ ದ್ವಾರವನ್ನು ಸೇರಿಸಿ ಗೂಡನ್ನು ಪೂರ್ಣಗೊಳಿಸುತ್ತದೆ. ಒಪ್ಪದಿದ್ದರೆ ಗೂಡು ಅರ್ಧಕ್ಕೇ ನಿಲ್ಲುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಕಾವಿಗೆ ಕುಳಿತ ಮೇಲೆ ಗಂಡು ಮತ್ತೊಂದು ಗೂಡಿನ ಕೆಲಸವನ್ನು ಆರಂಭಿಸುತ್ತದೆ. 1931ರಲ್ಲಿ ಪ್ರಕಟವಾದ ಈ ಅಧ್ಯಯನವು ಸಲೀಂ ಅಲಿ ಅವರ ಹೆಸರನ್ನು ವಿಜ್ಞಾನ ಲೋಕಕ್ಕೆ ಪರಿಚಯಿಸಿತು. ಇದಕ್ಕೆ ಪ್ರಯೋಗಾಲಯವಾಗಲಿ ಅನುದಾನವಾಗಲಿ ಬೇಕಾಗಲಿಲ್ಲ. ಒಂದು ಮರ, ಒಂದು ಪುಸ್ತಕ ಮತ್ತು ತಾಳ್ಮೆ ಸಾಕಾಯಿತು.

ಗ್ರಾಮೀಣ ಶಾಲೆಗಳ ಸುತ್ತ ಈಚಲು ಮರಗಳಲ್ಲಿಯೂ ಬಾವಿಯ ಮೇಲೆ ಬಾಗಿದ ಕೊಂಬೆಗಳಲ್ಲಿಯೂ ಗೀಜಗನ ಗೂಡುಗಳು ಕಾಣುವುದುಂಟು. ಅರ್ಧ ಕಟ್ಟಿದ ಗೂಡು ಏಕೆ ಹಾಗೆಯೇ ಉಳಿದಿದೆ, ಗೂಡು ನೀರಿನ ಮೇಲೆಯೇ ಏಕೆ ತೂಗುತ್ತದೆ ಎಂಬ ಪ್ರಶ್ನೆಗಳಿಂದ ವಾಸಸ್ಥಾನದ ಪಾಠವನ್ನು ಆರಂಭಿಸಬಹುದಾಗಿದೆ.

ಸಂಸ್ಥಾನಗಳ ಪಕ್ಷಿ ಸಮೀಕ್ಷೆ

ಅನಂತರ ಸಲೀಂ ಅಲಿ ಅವರು ದೇಶೀಯ ಸಂಸ್ಥಾನಗಳ ಪಕ್ಷಿ ಸಮೀಕ್ಷೆಯನ್ನು ಕೈಗೊಂಡರು. ಶಿಬಿರದ ಖರ್ಚನ್ನು ಭರಿಸಿದಲ್ಲಿ ತಮ್ಮ ಸೇವೆಯನ್ನು ಉಚಿತವಾಗಿ ನೀಡುವುದಾಗಿ ಅವರು ಒಪ್ಪಿಕೊಂಡಿದ್ದರು. ಹೈದರಾಬಾದ್, ತಿರುವಾಂಕೂರು, ಕೊಚ್ಚಿ ಮುಂತಾದ ಸಂಸ್ಥಾನಗಳಲ್ಲಿ ಕಾಡುಮೇಡುಗಳನ್ನು ಸುತ್ತಿ ಪಕ್ಷಿಗಳ ಮಾದರಿಗಳನ್ನು ಸಂಗ್ರಹಿಸಿದರು. ಸಂಶೋಧನೆಗಾಗಿ ಮಾದರಿ ಸಂಗ್ರಹಣೆ ಅವಶ್ಯಕವೆಂಬುದು ಅವರ ನಿಲುವಾಗಿತ್ತು. ಆದರೆ ಸತ್ತ ಹಕ್ಕಿಗಿಂತ ಬದುಕಿರುವ ಹಕ್ಕಿಯ ನಡವಳಿಕೆ ಮತ್ತು ಪರಿಸರಗಳ ಅಧ್ಯಯನವೇ ಅವರ ಮುಖ್ಯ ಆಸಕ್ತಿಯಾಗಿತ್ತು.

ಈ ಪ್ರವಾಸಗಳಲ್ಲಿ ತೆಹಮಿನಾ ಅವರು ಜೊತೆಗಿದ್ದು ಶಿಬಿರದ ಕಷ್ಟಗಳನ್ನು ಸಮನಾಗಿ ಹಂಚಿಕೊಂಡರು. 1939ರಲ್ಲಿ ಒಂದು ಚಿಕ್ಕ ಶಸ್ತ್ರಚಿಕಿತ್ಸೆಯ ನಂತರ ಅವರು ನಿಧನರಾದರು. ಈ ಆಘಾತದ ಬಳಿಕ ಸಲೀಂ ಅಲಿ ಅವರು ತಮ್ಮ ಸಹೋದರಿ ಕಮೂ ಮತ್ತು ಭಾವ ಹಸನ್ ಅಲಿ ಅವರ ಮನೆಯಲ್ಲಿ ಆಶ್ರಯ ಪಡೆದರು, ಮರುವಿವಾಹವಾಗಲಿಲ್ಲ.

ಮೈಸೂರು ಮತ್ತು ರಂಗನತಿಟ್ಟು

ಪತ್ನಿವಿಯೋಗದ ಅದೇ ವರ್ಷ ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆ ಆರಂಭವಾಗಿ 1940ರಲ್ಲಿ ಮುಂದುವರಿಯಿತು. ಶ್ರೀರಂಗಪಟ್ಟಣದ ಬಳಿ ಕಾವೇರಿ ನದಿಯ ನಡುವೆ ಇರುವ ಚಿಕ್ಕ ದ್ವೀಪಗಳಲ್ಲಿ ನೀರುಹಕ್ಕಿಗಳು ಅಪಾರ ಸಂಖ್ಯೆಯಲ್ಲಿ ಗೂಡು ಕಟ್ಟಿರುವುದನ್ನು ಅವರು ಕಂಡರು. ಈ ದ್ವೀಪಗಳು 1645ರಿಂದ 1648ರ ನಡುವೆ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ನದಿಗೆ ಅಡ್ಡಲಾಗಿ ಕಟ್ಟಿದ ಅಣೆಯಿಂದ ರೂಪುಗೊಂಡವು. ಕೃಷಿಗೆ ನೀರೊದಗಿಸಲು ಕಟ್ಟಿದ ಅಣೆಯು ಹಕ್ಕಿಗಳಿಗೂ ನೆಲೆಯನ್ನು ಒದಗಿಸಿತ್ತು. ಸಲೀಂ ಅಲಿ ಅವರು ಈ ಪ್ರದೇಶವನ್ನು ರಕ್ಷಿಸುವಂತೆ ಮೈಸೂರಿನ ಒಡೆಯರ ಮನವೊಲಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವೆಂದು ಘೋಷಿತವಾಯಿತು. 2022ರಲ್ಲಿ ಇದು ರಾಜ್ಯದ ಮೊದಲ ರಾಮ್ಸರ್ ತಾಣವೆಂಬ ಅಂತರರಾಷ್ಟ್ರೀಯ ಮಾನ್ಯತೆಯನ್ನು ಪಡೆಯಿತು.

ವಾಸಸ್ಥಾನ ಎಂದರೇನು ಎಂಬುದನ್ನು ಮಕ್ಕಳು ಇಲ್ಲಿ ಕಣ್ಣಾರೆ ಕಾಣಬಹುದು. ಬಣ್ಣದ ಕೊಕ್ಕರೆಯು ಮರದ ಮೇಲೆ ಕಡ್ಡಿಗಳ ಗೂಡು ಕಟ್ಟಿ ನೀರಿನಲ್ಲಿ ಮೀನು ಹಿಡಿಯುತ್ತದೆ. ಕೊಕ್ಕಿನ ನಡುವೆ ಸಂದಿಯಿರುವ ಬಾಯ್ಕಳಕ ಕೊಕ್ಕರೆಯು ಬಸವನಹುಳುಗಳನ್ನು ತಿನ್ನುತ್ತದೆ. ಚಮಚದಂತಹ ಕೊಕ್ಕಿನ ಹಕ್ಕಿಯು ತೆಳುನೀರಿನಲ್ಲಿ ಕೊಕ್ಕನ್ನು ಅತ್ತಿತ್ತ ಬೀಸುತ್ತ ಆಹಾರವನ್ನು ಹುಡುಕುತ್ತದೆ. ನದಿಯ ರೀವ ಹಕ್ಕಿಯು ಬರಿಯ ಬಂಡೆಯ ಮೇಲೆ ಮೊಟ್ಟೆಯಿಡುತ್ತದೆ. ನೀರಿನ ಮಟ್ಟ ಏರಿದರೆ ಮೊಟ್ಟೆಗಳು ಕೊಚ್ಚಿಹೋಗುತ್ತವೆ. ಮೊಸಳೆ ಬಂಡೆಯ ಮೇಲೆ ಬಿಸಿಲು ಕಾಯಿಸುತ್ತದೆ. ಬಾವಲಿಗಳು ಮರದಲ್ಲಿ ತಲೆಕೆಳಗಾಗಿ ತೂಗುತ್ತವೆ. ನದಿ ಒಂದೇ ಆದರೂ ಅದರಲ್ಲಿ ಪ್ರತಿಯೊಂದು ಜೀವಿಯ ಮನೆಯೂ ಊಟವೂ ಬೇರೆ ಬೇರೆಯಾಗಿರುತ್ತವೆ.

ಗ್ರಂಥಗಳು

1941ರಲ್ಲಿ ಪ್ರಕಟವಾದ ಭಾರತೀಯ ಪಕ್ಷಿಗಳ ಕುರಿತ ಅವರ ಇಂಗ್ಲಿಷ್ ಗ್ರಂಥವು ಅನೇಕ ಮುದ್ರಣಗಳನ್ನು ಕಂಡಿತು. ಪಂಡಿತರಿಗೆ ಮಾತ್ರ ಮೀಸಲಾಗಿದ್ದ ವಿಷಯವನ್ನು ಈ ಗ್ರಂಥವು ಮನೆಮನೆಗೆ ತಲುಪಿಸಿತು. ಹಕ್ಕಿಯ ಗಾತ್ರವನ್ನು ಹೇಳುವಾಗ ಗುಬ್ಬಚ್ಚಿ, ಪಿಕಳಾರ, ಮೈನಾ, ಪಾರಿವಾಳ, ಕಾಗೆ, ಹದ್ದು ಎಂಬ ಪರಿಚಿತ ಹಕ್ಕಿಗಳೊಂದಿಗೆ ಹೋಲಿಸುವುದು ಅವರ ಕ್ರಮ. ಬಳಿಕ ಬಣ್ಣ ಮತ್ತು ಗುರುತುಗಳು, ಕಂಡುಬರುವ ಪ್ರದೇಶ, ಸ್ವಭಾವ, ಗೂಡು ಕಟ್ಟುವ ರೀತಿ ಇವುಗಳನ್ನು ಅನುಕ್ರಮವಾಗಿ ವಿವರಿಸಲಾಗುತ್ತದೆ. ಅಳತೆಪಟ್ಟಿಯಿಲ್ಲದ ಮಗುವೂ ಗುಬ್ಬಚ್ಚಿಗಿಂತ ದೊಡ್ಡದು, ಮೈನಾಕ್ಕಿಂತ ಚಿಕ್ಕದು ಎಂದು ಹೇಳಬಲ್ಲದು. ಆದುದರಿಂದ ಕಿರಿಯ ತರಗತಿಗಳಿಗೆ ಈ ಕ್ರಮವು ಅತ್ಯಂತ ಸೂಕ್ತವಾಗಿದೆ.

1967ರಲ್ಲಿ ಲಯೀಕ್ ಫತೇಹಲಿ ಅವರೊಂದಿಗೆ ಸಾಮಾನ್ಯ ಪಕ್ಷಿಗಳ ಕುರಿತು ರಚಿಸಿದ ಚಿಕ್ಕ ಪುಸ್ತಕವನ್ನು ನ್ಯಾಷನಲ್ ಬುಕ್ ಟ್ರಸ್ಟ್ ಪ್ರಕಟಿಸಿತು. 1968ರಿಂದ 1974ರವರೆಗೆ ಅಮೆರಿಕದ ಪಕ್ಷಿತಜ್ಞ ಡಿಲ್ಲನ್ ರಿಪ್ಲಿ ಅವರೊಂದಿಗೆ ಭಾರತ ಮತ್ತು ನೆರೆಯ ದೇಶಗಳ ಪಕ್ಷಿಗಳ ಕುರಿತು 10 ಸಂಪುಟಗಳ ಬೃಹತ್ ಕೈಪಿಡಿಯನ್ನು ಹೊರತಂದರು. 1985ರಲ್ಲಿ ಅವರ ಆತ್ಮಚರಿತ್ರೆ ಪ್ರಕಟವಾಯಿತು.

ಸಂರಕ್ಷಣೆಯ ಕಾರ್ಯ ಮತ್ತು ಅದರ ಪಾಠ

ರಾಜಸ್ಥಾನದ ಭರತಪುರದ ಜೌಗು ಪ್ರದೇಶವು ಹಿಂದೆ ರಾಜರ ಬೇಟೆಯ ತಾಣವಾಗಿತ್ತು. ಅದನ್ನು ಪಕ್ಷಿಗಳಿಗಾಗಿ ಉಳಿಸಿಕೊಳ್ಳುವಲ್ಲಿ ಸಲೀಂ ಅಲಿ ಅವರ ಪಾತ್ರ ಹಿರಿದು. ಕೇರಳದ ಮೌನಕಣಿವೆಯ ಕಾಡನ್ನು ಜಲವಿದ್ಯುತ್ ಯೋಜನೆಯಿಂದ ರಕ್ಷಿಸುವ ಪ್ರಯತ್ನಕ್ಕೂ ಅವರು ಬೆಂಬಲ ನೀಡಿದರು.

ಭರತಪುರದಲ್ಲಿ ದನ ಮೇಯಿಸುವುದನ್ನು ನಿಷೇಧಿಸಬೇಕೆಂಬ ಕ್ರಮವನ್ನು ಅವರು ಬೆಂಬಲಿಸಿದ್ದರು. 1982ರಲ್ಲಿ ನಿಷೇಧ ಜಾರಿಗೆ ಬಂದಾಗ ಸ್ಥಳೀಯ ಗ್ರಾಮಸ್ಥರು ವಿರೋಧಿಸಿದರು. ಘರ್ಷಣೆಯಲ್ಲಿ ಪ್ರಾಣಹಾನಿಯೂ ಸಂಭವಿಸಿತು. ಆದರೆ ಎಮ್ಮೆಗಳು ಮೇಯುವುದು ನಿಂತ ಮೇಲೆ ಹುಲ್ಲು ದಟ್ಟವಾಗಿ ಬೆಳೆದು ನೀರನ್ನು ಆವರಿಸಿತು. ಇದರಿಂದ ನೀರುಹಕ್ಕಿಗಳಿಗೆ ತೊಂದರೆಯಾಯಿತೆಂಬುದು ಸಲೀಂ ಅಲಿ ಅವರದೇ ಸಂಸ್ಥೆಯ ದೀರ್ಘಾವಧಿ ಅಧ್ಯಯನದಿಂದ ತಿಳಿದುಬಂದಿತು. ವಾಸಸ್ಥಾನವೆಂದರೆ ಹಕ್ಕಿ ಮತ್ತು ಮರ ಮಾತ್ರವಲ್ಲ; ನೀರು, ಹುಲ್ಲು, ಜಾನುವಾರು ಮತ್ತು ಸುತ್ತಲಿನ ಜನರೂ ಅದರಲ್ಲಿ ಸೇರಿರುತ್ತಾರೆ ಎಂಬ ಅರಿವನ್ನು ಈ ಅನುಭವ ನೀಡಿತು.

ಪ್ರಶಸ್ತಿ ಪುರಸ್ಕಾರಗಳು ಮತ್ತು ನಿಧನ

ಭಾರತ ಸರ್ಕಾರವು 1958ರಲ್ಲಿ ಪದ್ಮಭೂಷಣ ಹಾಗೂ 1976ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳನ್ನು ನೀಡಿ ಅವರನ್ನು ಗೌರವಿಸಿತು. 1967ರಲ್ಲಿ ಬ್ರಿಟಿಷ್ ಪಕ್ಷಿತಜ್ಞರ ಒಕ್ಕೂಟದ ಚಿನ್ನದ ಪದಕ ಲಭಿಸಿತು. ಪಾಲ್ ಗೆಟ್ಟಿ ವನ್ಯಜೀವಿ ಸಂರಕ್ಷಣಾ ಪ್ರಶಸ್ತಿಯ ಹಣವನ್ನು ಅವರು ಪ್ರಕೃತಿ ಸಂರಕ್ಷಣಾ ನಿಧಿಗೆ ವಿನಿಯೋಗಿಸಿದರು. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. 1987ರ ಜೂನ್ 20ರಂದು ತಮ್ಮ 90ನೇ ವಯಸ್ಸಿನಲ್ಲಿ ಮುಂಬಯಿಯಲ್ಲಿ ನಿಧನರಾದರು. 1990ರಲ್ಲಿ ಕೊಯಮತ್ತೂರಿನಲ್ಲಿ ಅವರ ಹೆಸರಿನ ಪಕ್ಷಿವಿಜ್ಞಾನ ಕೇಂದ್ರ ಸ್ಥಾಪನೆಯಾಯಿತು. ಅವರ ಜನ್ಮದಿನವಾದ ನವೆಂಬರ್ 12ನ್ನು ರಾಷ್ಟ್ರೀಯ ಪಕ್ಷಿ ದಿನವಾಗಿ ಆಚರಿಸಲಾಗುತ್ತದೆ.

ಶಾಲೆಗಳ ಮತ್ತು ಪೋಷಕರ ಗಮನಕ್ಕೆ

1. ಪಕ್ಷಿಧಾಮದ ಭೇಟಿಗೆ ಮುನ್ನ ಪ್ರವೇಶದ ಸಮಯ, ಶುಲ್ಕ ಹಾಗೂ ದೋಣಿ ವಿಹಾರದ ಲಭ್ಯತೆಯನ್ನು ಸಂಬಂಧಪಟ್ಟ ವನ್ಯಜೀವಿ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳುವುದು.

2. ಮಕ್ಕಳು ಮೌನವಾಗಿದ್ದು ದೂರದಿಂದಲೇ ವೀಕ್ಷಿಸುವಂತೆ ನೋಡಿಕೊಳ್ಳುವುದು. ಕಂಡ ಹಕ್ಕಿಯ ಗಾತ್ರ, ಬಣ್ಣ, ಕೊಕ್ಕು, ಕುಳಿತ ಸ್ಥಳ ಮತ್ತು ಆಹಾರವನ್ನು ಪುಸ್ತಕದಲ್ಲಿ ಬರೆಯುವಂತೆ ಅಥವಾ ಚಿತ್ರಿಸುವಂತೆ ಪ್ರೋತ್ಸಾಹಿಸುವುದು.

3. ಪಾಠೋಪಕರಣಕ್ಕಾಗಿ ಹಕ್ಕಿಗಳ ಗೂಡು ಅಥವಾ ಮೊಟ್ಟೆಗಳನ್ನು ತೆಗೆಯಬಾರದು. ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಅನ್ವಯ ಕಾಡುಹಕ್ಕಿಗಳ ಮೊಟ್ಟೆಗಳನ್ನು ತೆಗೆಯುವುದು, ಗೂಡುಗಳಿಗೆ ಹಾನಿ ಮಾಡುವುದು ಬೇಟೆಯ ವ್ಯಾಖ್ಯೆಯಲ್ಲಿ ಸೇರಿದೆ. ಗಿಳಿ ಮುಂತಾದ ನಮ್ಮ ನಾಡಿನ ಕಾಡುಹಕ್ಕಿಗಳನ್ನು ಪಂಜರದಲ್ಲಿ ಸಾಕುವುದೂ ಅಪರಾಧವಾಗಿದೆ.

4. ಮಗುವು ಹೆಸರು ತಿಳಿಯದ ಹಕ್ಕಿಯ ಕುರಿತು ಪ್ರಶ್ನಿಸಿದಲ್ಲಿ ಕಡೆಗಣಿಸದೆ, ಶಿಕ್ಷಕರು ಹಾಗೂ ಸಿಬ್ಬಂದಿ ಉತ್ತರವನ್ನು ಹುಡುಕಲು ಮಗುವಿಗೆ ನೆರವಾಗುವುದು. ಹಳದಿ ಕುತ್ತಿಗೆಯ ಗುಬ್ಬಿಯನ್ನು ಹಿಡಿದು ಬಂದ ಬಾಲಕನಿಗೆ ಅಂದು ಬಾಗಿಲು ತೆರೆದುದರಿಂದಲೇ ರಂಗನತಿಟ್ಟಿನಂತಹ ನೆಲೆಗೆ ಮುಂದೆ ರಕ್ಷಣೆ ದೊರೆಯಿತೆಂಬುದನ್ನು ಎಲ್ಲರೂ ನೆನಪಿನಲ್ಲಿಡುವುದು.