ವಿದ್ಯುತ್ ಸ್ವರಕ್ಕೆ ಜೀವ ತುಂಬಿದ ರಾಬರ್ಟ್ ಮೋಗ್

ವಿದ್ಯುತ್ತಿನಿಂದ ಸ್ವರ ಹೊರಡಿಸುವುದು ಸುಲಭ; ಆ ಸ್ವರಕ್ಕೆ ಜೀವ ತುಂಬುವುದು ಕಷ್ಟ. ಈ ಕಷ್ಟಕ್ಕೆ ಪರಿಹಾರ ಕಂಡುಕೊಂಡವರಲ್ಲಿ ಅಮೆರಿಕದ ಎಂಜಿನಿಯರ್ ರಾಬರ್ಟ್ ಮೋಗ್ ಪ್ರಮುಖರು.

1934ರಲ್ಲಿ ನ್ಯೂಯಾರ್ಕ್‌ನಲ್ಲಿ ಜನಿಸಿದ ಮೋಗ್, ಹದಿಹರೆಯದಲ್ಲಿಯೇ ಮುಟ್ಟದೆ ನುಡಿಸುವ ಥೆರೆಮಿನ್ ವಾದ್ಯಗಳನ್ನು ತಯಾರಿಸಿದ್ದರು. 1964ರಲ್ಲಿ ಸಂಗೀತ ಸಂಯೋಜಕ ಹರ್ಬರ್ಟ್ ಡಾಯ್ಚ್ ಅವರೊಡಗೂಡಿ ತಮ್ಮ ಮಾಡ್ಯುಲರ್ ಸಿಂಥಸೈಜರ್‌ನ ಪ್ರಥಮ ಮಾದರಿಯನ್ನು ರೂಪಿಸಿದರು.

ಒಂದು ಮಾಡ್ಯೂಲಿನ ವೋಲ್ಟೇಜ್ ಮತ್ತೊಂದನ್ನು ನಿಯಂತ್ರಿಸುವುದೇ ಇದರ ಮರ್ಮ. ಒಂದು ವೋಲ್ಟ್ ಹೆಚ್ಚಿದರೆ ಸ್ವರ ಒಂದು ಸ್ಥಾಯಿ ಏರುತ್ತದೆ. ನಿಧಾನಗತಿಯ ಆಸಿಲೇಟರನ್ನು ಸ್ವರ ಹುಟ್ಟಿಸುವ ಮಾಡ್ಯೂಲಿಗೆ ಜೋಡಿಸಿದರೆ ಸ್ವರ ಕಂಪಿಸುತ್ತದೆ. ಫಿಲ್ಟರಿಗೆ ಜೋಡಿಸಿದರೆ ನಾದದ ಹೊಳಪು ಏರಿಳಿಯುತ್ತದೆ. ಸ್ವರವು ವೀಣೆಯಂತೆ ಮೀಟಿದೊಡನೆ ಮೂಡಿ ಕರಗಬೇಕೇ, ಪಿಟೀಲಿನಂತೆ ಮೆಲ್ಲನೆ ಏರಬೇಕೇ ಎಂಬುದು ಎನ್ವೆಲಪ್ ಜನರೇಟರ್‌ನ ಕೆಲಸ. ಯಾವುದನ್ನು ಯಾವುದಕ್ಕೆ, ಎಷ್ಟು ಪ್ರಮಾಣದಲ್ಲಿ ಜೋಡಿಸಬೇಕೆಂಬ ಆಯ್ಕೆ ಮಾತ್ರ ಕಲಾವಿದನದು.

1968ರಲ್ಲಿ ವೆಂಡಿ ಕಾರ್ಲೋಸ್ ಈ ವಾದ್ಯದಲ್ಲಿ ಬಾಖ್ ಕೃತಿಗಳನ್ನು ನುಡಿಸಿ ಹೊರತಂದ ಧ್ವನಿಮುದ್ರಿಕೆ ಮೋಗ್ ಹೆಸರನ್ನು ಮನೆಮಾತಾಗಿಸಿತು. ಮರುವರ್ಷವೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೂ ಮೋಗ್ ಸಿಂಥಸೈಜರ್ ಬಂದಿತು.

ಕೀರ್ತಿ ಒಲಿದರೂ ವ್ಯಾಪಾರ ಕೈಹಿಡಿಯಲಿಲ್ಲ. 1971ರಲ್ಲಿ ಕಂಪೆನಿ ಪರರ ಪಾಲಾಯಿತು. 1977ರಲ್ಲಿ ಮೋಗ್ ಅದರಿಂದ ಹೊರಬಂದರು. ಮುಂದೆ ತಾವು ಕಟ್ಟಿದ ಸಂಸ್ಥೆಗೆ ತಮ್ಮದೇ ಹೆಸರಿಡಲು ಅವರು 2002ರವರೆಗೆ ಕಾಯಬೇಕಾಯಿತು. ಮೂರೇ ವರ್ಷಗಳಲ್ಲಿ, ಮಿದುಳಿನ ಗೆಡ್ಡೆಯಿಂದ ಬಳಲಿದ ಅವರು 71ನೇ ವಯಸ್ಸಿನಲ್ಲಿ ನಿಧನರಾದರು.

ವೈರುಗಳನ್ನು ಜೋಡಿಸುತ್ತ ಹೊಸ ನಾದ ಹುಡುಕುವ ಪದ್ಧತಿಯನ್ನು ಸಂಗೀತಗಾರರು ಇಂದಿಗೂ ಕೈಬಿಟ್ಟಿಲ್ಲ.